‘ಪದಾ ಎಲ್ಲೈತಿ ತಮ್ಮಾ?’

ಬಿ.ಕಾಂ. ಮುಗಿದು ಎಂಟು ತಿಂಗಳಾಗಿತ್ತು. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದೆ. ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ಅದೇ ಹೆಚ್ಚು ಕಷ್ಟವಾಗುತ್ತಿತ್ತು. ಆಗ ಗೆಳೆಯನೊಬ್ಬ ಧಾರವಾಡದ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಒಂದಕ್ಕೆ ಕರೆದುಕೊಂಡು ಹೋದ. ‘ಒಂದು ತಿಂಗಳು ಕಲಿ. ಕಿವಿ ಇದ್ರ ಇಟ್ಕೋತೀನಿ’ ಎಂದರು ಮಾಲೀಕರು. ಅವರನ್ನು ನಾವೆಲ್ಲ ಸರ್ ಎನ್ನುತ್ತೇವೆ.

ಅಲ್ಲಿ ಮಿಕ್ಸಿಂಗ್ ಎಂದರೆ ಕಂಪ್ಯೂಟರ್ ಅಲ್ಲ. ಮೇಜಿನ ಮೇಲೆ 24 ಟ್ರ್ಯಾಕಿನ ಟ್ಯಾಸ್ಕ್ಯಾಮ್ ಪೋರ್ಟಾಸ್ಟುಡಿಯೊ. ಒಂದೇ ಸಲಕ್ಕೆ ಎಂಟು ಮೈಕುಗಳ ದನಿಯನ್ನು ಎಂಟು ಬೇರೆ ಟ್ರ್ಯಾಕುಗಳಲ್ಲಿ ಹಿಡಿದು ಎಸ್‌ಡಿ ಕಾರ್ಡಿಗೆ ತುಂಬುತ್ತದೆ. ದನಿ ಏರಿಸಿ ಇಳಿಸಲು ಸಾಲು ಫೇಡರ್‌ಗಳು, ಒಟ್ಟು ದನಿಗೆ ಒಂದು ಮಾಸ್ಟರ್ ಫೇಡರ್. ಈ ಹೆಸರಿನ ಮೊದಲ ಯಂತ್ರ 1979ರಲ್ಲಿ ಬಂದಾಗ ಇದ್ದದ್ದು ಕ್ಯಾಸೆಟ್ ಮೇಲೆ ನಾಲ್ಕೇ ಟ್ರ್ಯಾಕ್. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಂ ಅನ್ನು ಮನೆಯಲ್ಲಿ ಕುಳಿತು ಅಂಥದರಲ್ಲೇ ರೆಕಾರ್ಡ್ ಮಾಡಿದ್ದರು. ನಾಲ್ಕರಲ್ಲಿ ಅಷ್ಟಾದರೆ 24ರಲ್ಲಿ ಎಷ್ಟಾಗಬಹುದು ಎಂದು ನಾನು ಬೀಗುತ್ತಿದ್ದೆ.

ಮೂರನೇ ವಾರ ಹಳ್ಳಿಯೊಂದರಿಂದ ಭಜನಾ ಮೇಳ ಬಂತು. ಜಾತ್ರೆಗೆ ತಮ್ಮ ತತ್ವಪದಗಳ ಪೆನ್‌ಡ್ರೈವ್ ತರಬೇಕೆಂದು ಊರವರು ಪಟ್ಟಿ ಎತ್ತಿ ದುಡ್ಡು ಕೂಡಿಸಿದ್ದರು. ಹಾಡುವ ಅಜ್ಜನಿಗೊಂದು ಮೈಕು, ಹಿಮ್ಮೇಳಕ್ಕೆರಡು, ಪೇಟಿಗೊಂದು, ತಬಲಾಕ್ಕೆರಡು, ತಾಳಕ್ಕೊಂದು, ಏಕತಾರಿಗೊಂದು. ರೆಕಾರ್ಡಿಂಗ್ ಚೆನ್ನಾಗಿಯೇ ಆಯಿತು. ಮರುದಿನ ಸರ್ ಮದುವೆಗೆ ಹೊರಟರು. ‘ನೀನ ಮಿಕ್ಸ್ ಮಾಡು. ಸಂಜೀಗೆ ಅವರು ಕೇಳಾಕ ಬರ್ತಾರ.’

ಹೆಡ್‌ಫೋನ್ ಹಾಕಿ ಕುಳಿತೆ. ತಬಲಾ ಸಣ್ಣಗೆ ಕೇಳಿತು, ಏರಿಸಿದೆ. ಪೇಟಿ ಮುಳುಗಿತು, ಅದನ್ನೂ ಏರಿಸಿದೆ. ಅಜ್ಜನ ದನಿ ಹಿಂದೆ ಬಿತ್ತು, ಏರಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಫೇಡರ್‌ಗಳೂ ತುದಿ ಮುಟ್ಟಿ, ಮೀಟರಿನಲ್ಲಿ ಕೆಂಪು. ಮೇಲೊಂದಿಷ್ಟು ರಿವರ್ಬ್ ಸುರಿದೆ. ಸಿನಿಮಾ ಹಾಡಿನ ಹಾಗಿದೆ ಎಂದು ನನಗೇ ಖುಷಿ.

ಸಂಜೆ ಅಜ್ಜ ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದ ಮೇಲೆ ಮೆಲ್ಲಗೆ ಕೇಳಿದರು: ‘ಪೇಟಿ ಕೇಳ್ತೈತಿ, ತಬಲಾ ಕೇಳ್ತೈತಿ. ಪದಾ ಎಲ್ಲೈತಿ ತಮ್ಮಾ?’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತತ್ವಪದದಲ್ಲಿ ಮಾತೇ ಜೀವ. ಆ ಮಾತನ್ನೇ ಹೂತುಬಿಟ್ಟಿದ್ದೆ. ಜಾತ್ರೆಗೆ ಮೂರು ದಿನ ಉಳಿದಿತ್ತು, ನನ್ನ ತಿಂಗಳು ಮುಗಿಯಲು ಒಂದು ವಾರ.

ರಾತ್ರಿ ಸರ್ ಬಂದವರೇ ಟ್ರ್ಯಾಕುಗಳ ಫೇಡರ್‌ಗಳನ್ನೆಲ್ಲ ಕೆಳಗೆ ಎಳೆದರು. ‘ಮೊದಲು ಅಜ್ಜಾರ ದನಿ ಅಷ್ಟ ತಗೀ. ಆಮ್ಯಾಲೆ ಅದಕ್ಕ ಯಾರು ಬೇಕೋ ಅವರನ್ನ ಕರಿ.’

ಒಂದೊಂದನ್ನೇ ಕರೆದೆವು. ಪೇಟಿ ಮತ್ತು ಗಂಡು ದನಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುತ್ತವೆ. ಈಕ್ಯೂನಲ್ಲಿ ಪೇಟಿಯ 300 ಹರ್ಟ್ಸ್ ಸುತ್ತಮುತ್ತ ಸ್ವಲ್ಪ ಕಡಿಮೆ ಮಾಡಿದ್ದೇ ತಡ, ಅಜ್ಜನ ದನಿಯನ್ನು ಮುಟ್ಟದೆಯೇ ಅದು ಮುಂದೆ ಬಂತು! ಪೇಟಿಯನ್ನು ಸ್ವಲ್ಪ ಎಡಕ್ಕೆ, ತಾಳವನ್ನು ಬಲಕ್ಕೆ, ಹಿಮ್ಮೇಳವನ್ನು ಎರಡೂ ಬದಿಗೆ ಸರಿಸಿ, ನಡುವೆ ಪದವನ್ನೂ ತಬಲಾವನ್ನೂ ಇಟ್ಟೆವು. ಸರ್ ಹೆಡ್‌ಫೋನ್ ತೆಗೆಸಿ, ಸ್ಪೀಕರಿನ ದನಿಯನ್ನು ಮಾತಿನಷ್ಟಕ್ಕೆ ಇಳಿಸಿದರು. ಜೋರಾಗಿ ಕೇಳಿದರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ಕಿವಿ ಮೋಸ ಹೋಗುತ್ತದೆ; ಸಣ್ಣ ದನಿಯಲ್ಲೂ ಮಾತು ತಿಳಿದರೆ ಮಿಕ್ಸ್ ಗಟ್ಟಿ.

ಬೆಳಿಗ್ಗೆ ಹಾಡನ್ನು ಮೊಬೈಲಿಗೆ ಹಾಕಿಕೊಂಡು ಚಹಾದಂಗಡಿಗೆ ಹೋದೆ. ಊರವರು ಕೇಳುವುದು ಅದರಲ್ಲೇ ತಾನೆ? ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ತಬಲಾದ ಡಗ್ಗಾ ಮಾಯ, ತಾಳ ಮಾತ್ರ ಕಿವಿ ಚುಚ್ಚುತ್ತಿತ್ತು. ವಾಪಸು ಬಂದು ತಾಳ ಇಳಿಸಿದೆ.

ಎರಡನೇ ಸಲ ಅಜ್ಜ ಏನೂ ಹೇಳಲಿಲ್ಲ. ಎರಡನೇ ಪದಕ್ಕೆ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಕೊನೆಗೆ, ‘ಈಗ ಬಂತ ನೋಡು’ ಎಂದರು.

ಸರ್ ನನ್ನನ್ನು ಇಟ್ಟುಕೊಂಡರು. ಸಂಬಳ ದೊಡ್ಡದೇನಲ್ಲ; ಬ್ಯಾಂಕ್ ಪರೀಕ್ಷೆಗೂ ಮತ್ತೆ ಅರ್ಜಿ ಹಾಕಿದ್ದೇನೆ. ಆದರೆ ಯಾವುದಾದರೂ ದನಿ ಕೇಳಿಸದಿದ್ದರೆ ಕೈ ಈಗ ಆ ಫೇಡರಿಗೆ ಹೋಗುವುದಿಲ್ಲ. ಅದಕ್ಕೆ ಅಡ್ಡ ನಿಂತಿರುವುದು ಯಾವುದು ಎಂದು ಮೊದಲು ಹುಡುಕುತ್ತದೆ.