ಒದ್ದ ತಂದೆಗೆ ಉಸಿರು ತಂದ ಮಗ

*ಮಗನನ್ನು ನಿರಾಕರಿಸಿದ ಅರ್ಜುನ, ತಂದೆಯ ತಲೆ ಕಡಿದ ಬಭ್ರುವಾಹನ: ಲಕ್ಷ್ಮೀಶನ ಕಾವ್ಯದಿಂದ ಬೆಳ್ಳಿತೆರೆಯವರೆಗೆ ಕನ್ನಡಿಗರು ಕೈಬಿಡದ ಕಥೆ*

ಕಟ್ಟಿಹಾಕಿದ್ದು ಧರ್ಮರಾಯನ ಅಶ್ವಮೇಧದ ಕುದುರೆ. ಅದರ ಬೆಂಗಾವಲಿಗೆ ಬಂದವನು ಅರ್ಜುನ. ಅವನೇ ನಿನ್ನ ತಂದೆ ಎಂದು ತಾಯಿ ಚಿತ್ರಾಂಗದೆ ಹೇಳಿದ ಕೂಡಲೇ ಮಣಿಪುರದ ಅರಸ ಬಭ್ರುವಾಹನ ಯುದ್ಧದ ಯೋಚನೆಯನ್ನೇ ಬಿಡುತ್ತಾನೆ. ಕಾಣಿಕೆಗಳನ್ನು ಹೊರಿಸಿಕೊಂಡು, ಕುದುರೆಯನ್ನು ಮುಂದಿಟ್ಟುಕೊಂಡು ಹೋಗಿ, ಹುಟ್ಟಿದಾಗಿನಿಂದ ಹೆಸರಷ್ಟೇ ಕೇಳಿದ್ದ ತಂದೆಯ ಕಾಲಿಗೆ ಬೀಳುತ್ತಾನೆ. ಬಾಗಿದ ಆ ತಲೆಯನ್ನು ಅರ್ಜುನ ಒದೆಯುತ್ತಾನೆ. ಮಗನೆಂದರೆ ಅಭಿಮನ್ಯು, ನೀನು ನನಗೆ ಹುಟ್ಟಿದವನಲ್ಲ ಎಂದು ತುಂಬಿದ ಸೇನೆಯೆದುರು ಹೇಳಿ, ಚಿತ್ರಾಂಗದೆಯ ಶೀಲಕ್ಕೂ ಮಸಿ ಬಳಿಯುತ್ತಾನೆ.

ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಈ ಪ್ರಸಂಗವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ. 34 ಸಂಧಿಗಳ ಅವನ ‘ಜೈಮಿನಿ ಭಾರತ’ವನ್ನು ಗಮಕಿಗಳು ಊರೂರಿನಲ್ಲಿ ಓದಿದರು. ಯಕ್ಷಗಾನದಲ್ಲಿ ಈ ಪ್ರಸಂಗ ‘ಬಭ್ರುವಾಹನ ಕಾಳಗ’ವಾಯಿತು, 1977ರಲ್ಲಿ ಸಿನಿಮಾ ಆಯಿತು. ತಂದೆ ಮಗನಿಗೆ ಬಗೆದ ದ್ರೋಹ, ಆ ದ್ರೋಹದಿಂದ ಇಬ್ಬರೂ ಪಾರಾಗುವ ಬಗೆ, ಇವೆರಡನ್ನೂ ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ ಇನ್ನೊಂದು ಕಥೆ ನಮ್ಮ ಪರಂಪರೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹುಟ್ಟುವ ಮೊದಲೇ ಬಿಟ್ಟುಕೊಟ್ಟ ಮಗ

ಒದೆತ ಬಿದ್ದದ್ದು ಅಂದು, ದ್ರೋಹದ ಬೇರು ಇನ್ನೂ ಹಿಂದಿನದು. ತೀರ್ಥಯಾತ್ರೆಯ ಕಾಲದಲ್ಲಿ ಅರ್ಜುನ ಮಣಿಪುರಕ್ಕೆ ಬಂದು ಚಿತ್ರಾಂಗದೆಯನ್ನು ಬಯಸಿದಾಗ, ಅವಳ ತಂದೆ ಚಿತ್ರವಾಹನ ಒಂದು ಕರಾರು ಹಾಕಿದ್ದ: ಹುಟ್ಟುವ ಗಂಡುಮಗು ತನ್ನ ವಂಶಕ್ಕೇ ಸೇರಬೇಕು. ಅರ್ಜುನ ಒಪ್ಪಿದ. ವ್ಯಾಸಭಾರತದ ಪ್ರಕಾರ ಅಲ್ಲಿ ಮೂರು ವರ್ಷ ಇದ್ದು, ಮುಂದೆ ಹೊರಟುಹೋದ. ಮಗುವನ್ನು ಕೊಟ್ಟು ಹೆಣ್ಣನ್ನು ಪಡೆದ ವ್ಯವಹಾರ ಅದು. ಬಭ್ರುವಾಹನ ಬೆಳೆದದ್ದು ತಾಯಿಯ ಮತ್ತು ಅಜ್ಜನ ಆಸರೆಯಲ್ಲಿ.

ಇಷ್ಟಾದರೂ ಅವನಿಗೆ ತಂದೆಯ ಮೇಲೆ ಹಗೆಯಿಲ್ಲ. ತಾಯಿ ಹಗೆ ಕಲಿಸಿಲ್ಲ ಎಂಬುದಕ್ಕೆ ಆ ಕಾಣಿಕೆಗಳೇ ಸಾಕ್ಷಿ. ಒದೆತ ಇಷ್ಟು ಕ್ರೂರವಾಗಿ ಕಾಣುವುದೂ ಅದಕ್ಕೇ. ವ್ಯಾಸರ ಮೂಲದಲ್ಲಿ ಅರ್ಜುನನ ಸಿಟ್ಟಿಗೆ ಬೇರೆ ಕಾರಣವಿದೆ. ಆಯುಧ ಹಿಡಿದು ಬಂದವನನ್ನು ಕಾಣಿಕೆ ಹಿಡಿದು ಎದುರುಗೊಳ್ಳುವುದು ಕ್ಷತ್ರಿಯನಿಗೆ ತಕ್ಕದ್ದಲ್ಲ ಎಂದು ಅವನು ಗದರುತ್ತಾನೆ. ಅಲ್ಲಿ ತಂದೆ ಮಗನ ಶೌರ್ಯವನ್ನು ಪ್ರಶ್ನಿಸುತ್ತಾನೆ. ಜೈಮಿನಿಯ ಪರಂಪರೆಯಲ್ಲಿ ಮಗನ ಹುಟ್ಟನ್ನೇ ಪ್ರಶ್ನಿಸುತ್ತಾನೆ. ಶೌರ್ಯವನ್ನು ಕತ್ತಿ ಹಿಡಿದು ತೋರಿಸಬಹುದು, ಹುಟ್ಟನ್ನು ಮಗ ಹೇಗೆ ತೋರಿಸಿಯಾನು? ಅದಕ್ಕೆ ತಂದೆಯ ಮಾತೇ ಆಧಾರ. ಆ ಮಾತನ್ನೇ ತಂದೆ ಹಿಂತೆಗೆದುಕೊಂಡಾಗ ಮಗನಿಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ.

ಅರ್ಜುನನ ಪಕ್ಕದಲ್ಲಿ ಆಗ ನಿಂತಿದ್ದವನು ವೃಷಕೇತು, ಕರ್ಣನ ಮಗ. ಅವನ ತಂದೆಯನ್ನು ಕೊಂದ ಅರ್ಜುನನೇ ಈಗ ಅವನನ್ನು ಸ್ವಂತ ಮಗನಂತೆ ನೋಡಿಕೊಳ್ಳುತ್ತಿದ್ದಾನೆ. ತಾನು ಅನಾಥನನ್ನಾಗಿ ಮಾಡಿದ ಹುಡುಗನಿಗೆ ತಂದೆಯಾಗಬಲ್ಲವನು, ತನ್ನದೇ ರಕ್ತದವನಿಗೆ ತಂದೆಯಾಗಲಾರ. ಅಭಿಮನ್ಯುವನ್ನು ಕಳೆದುಕೊಂಡ ಎದೆಯಲ್ಲಿ ಇನ್ನೊಬ್ಬ ಮಗನಿಗೆ ಜಾಗ ಮಾಡುವುದು ಅವನಿಗೆ ದ್ರೋಹವೆನಿಸಿತೇ? ಸತ್ತ ಮಗನ ಮೇಲಿನ ಪ್ರೀತಿ ಬದುಕಿರುವ ಮಗನಿಗೆ ಏಟಾಗಿ ಬೀಳುವುದನ್ನು ಎಷ್ಟೋ ಮನೆಗಳು ಕಂಡಿವೆ.

ಸರಪಳಿಯ ಕೊಂಡಿ

ಯುದ್ಧ ನಡೆಯುತ್ತದೆ. ವೃಷಕೇತು ಬೀಳುತ್ತಾನೆ, ಕೊನೆಗೆ ಅರ್ಜುನನ ತಲೆಯೂ ಉರುಳುತ್ತದೆ. ಕಥೆ ಇದಕ್ಕೆ ಗಂಗೆಯ ಶಾಪವನ್ನು ಕಾರಣವಾಗಿ ಕೊಡುತ್ತದೆ: ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದವನು ತನ್ನ ಮಗನಿಂದಲೇ ಸಾಯಲಿ. ಶಾಪವೆಂದರೆ ಅರ್ಜುನನ ತಪ್ಪನ್ನು ಮುಚ್ಚುವ ನೆಪ ಎಂದು ಇಂದಿನ ಓದುಗರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬಾಲ್ಯದಲ್ಲಿ ಧೂಳು ಮೆತ್ತಿದ ಮೈಯಲ್ಲೇ ಅಜ್ಜ ಭೀಷ್ಮನ ತೊಡೆಯೇರಿ ಅಪ್ಪಾ ಎಂದು ಕರೆಯುತ್ತಿದ್ದುದನ್ನೂ, ನಾನು ನಿನ್ನ ಅಪ್ಪನಲ್ಲ, ಅಪ್ಪನ ಅಪ್ಪ ಎಂದು ಅವನು ತಿದ್ದುತ್ತಿದ್ದುದನ್ನೂ ಭೀಷ್ಮಪರ್ವದ ಅರ್ಜುನ ಕೃಷ್ಣನೆದುರು ನೆನೆದು ಸಂಕಟಪಡುತ್ತಾನೆ. ಪಾಂಡುವನ್ನು ಕಳೆದುಕೊಂಡ ಮಗುವಿಗೆ ತಂದೆಯ ಬಿಸುಪು ಸಿಕ್ಕಿದ್ದು ಆ ತೊಡೆಯ ಮೇಲೆ. ಅದೇ ಅಜ್ಜನ ಮೈಗೆ ಅವನು ಬಾಣ ನೆಟ್ಟ. ತಂದೆಯಂಥವನಿಗೆ ಮಗ ಬಗೆದ ದ್ರೋಹ, ಮಗನಿಗೆ ತಂದೆ ಬಗೆದ ದ್ರೋಹ, ಎರಡೂ ಒಂದೇ ಸರಪಳಿಯ ಕೊಂಡಿಗಳೆಂದು ಕಥೆ ಶಾಪದ ಭಾಷೆಯಲ್ಲಿ ಹೇಳುತ್ತಿದೆ.

ಜೈಮಿನಿ ಭಾರತದಲ್ಲಿ ಕುಶಲವರ ಕಥೆ ಬರುವುದೂ ಇಲ್ಲಿಯೇ. ಅರ್ಜುನ ಬಭ್ರುವಾಹನರ ಕಾಳಗಕ್ಕೆ ಹೋಲಿಕೆಯಾಗಿ ರಾಮನಿಗೂ ಅವನ ಮಕ್ಕಳಿಗೂ ನಡೆದ ಕಾಳಗ, ಅದಕ್ಕೆ ಹಿನ್ನೆಲೆಯಾಗಿ ಸೀತೆಯ ಪರಿತ್ಯಾಗ ತೆರೆದುಕೊಳ್ಳುತ್ತವೆ. ಎರಡರಲ್ಲೂ ಯಜ್ಞದ ಕುದುರೆ, ತಾಯಿಯ ಶೀಲದ ಮೇಲೆ ಬಂದ ಮಾತು, ತಂದೆಯಿಲ್ಲದೆ ಬೆಳೆದ ಮಕ್ಕಳ ಬಿಲ್ಲು. ನಮ್ಮ ಆದರ್ಶ ಪುರುಷರಿಬ್ಬರನ್ನು ಅವರ ಮಕ್ಕಳೆದುರು ಸೋಲಿಸಿ ನಿಲ್ಲಿಸಿದ ಈ ಕಾವ್ಯವನ್ನು ಜನ ಶತಮಾನಗಳ ಕಾಲ ಭಕ್ತಿಯಿಂದ ಕೇಳಿದರು. ಆ ಸೋಲು ನ್ಯಾಯವೆಂದು ಕೇಳುಗರಿಗೂ ಅನ್ನಿಸಿರಬೇಕು.

ಯೌವನ ಕೊಟ್ಟ ಪುರು

ಭಾರತೀಯ ಕಥೆಗಳಲ್ಲಿ ಮಗ ತಂದೆಯ ಮೇಲೆ ಎರಗುವುದು ಅಪರೂಪ, ತಂದೆಯೇ ಮಗನನ್ನು ನುಂಗುವುದು ಹೆಚ್ಚು ಎಂದು ಎ.ಕೆ. ರಾಮಾನುಜನ್ ಈಡಿಪಸ್ ಮಾದರಿಯ ಕಥೆಗಳನ್ನು ಚರ್ಚಿಸುವಾಗ ಗುರುತಿಸಿದ್ದರು. ಶಂತನುವಿನ ಮದುವೆಗಾಗಿ ಭೀಷ್ಮ ಸಂಸಾರವನ್ನೇ ತೊರೆದ. ಯಯಾತಿಯ ಭೋಗಕ್ಕಾಗಿ ಪುರು ಯೌವನವನ್ನೇ ಕೊಟ್ಟ. ನಾವು ಇದನ್ನು ಪಿತೃಭಕ್ತಿ ಎಂದು ಕೊಂಡಾಡಿದೆವು. 1961ರಲ್ಲಿ ಪ್ರಕಟವಾದ ‘ಯಯಾತಿ’ ನಾಟಕದಲ್ಲಿ ಗಿರೀಶ ಕಾರ್ನಾಡರು ಆ ತ್ಯಾಗಕ್ಕೆ ತಗಲುವ ಬೆಲೆಯನ್ನು ಕೇಳಿದರು. ಪುರುವಿನ ಹೆಂಡತಿಯಾಗಿ ಚಿತ್ರಲೇಖೆ ಎಂಬ ಪಾತ್ರವನ್ನು ಅವರು ಸೃಷ್ಟಿಸಿದರು. ಮುದುಕನಾಗಿ ನಿಂತ ಎಳೆಯ ಗಂಡನನ್ನು ಕಂಡು ಅವಳು ಸಾವನ್ನು ಆರಿಸಿಕೊಂಡಾಗ, ಯಯಾತಿಗೆ ತಾನು ಮಾಡಿದ್ದು ಏನೆಂದು ಅರಿವಾಗುತ್ತದೆ. ಮುಪ್ಪನ್ನು ಅವನು ಹಿಂದಕ್ಕೆ ಪಡೆಯುತ್ತಾನೆ, ಆದರೆ ಹೋದ ಜೀವ ಬರುವುದಿಲ್ಲ.

ತಲೆಬಾಗಿದ ಪುರು ತಂದೆಯನ್ನು ತಿದ್ದಲಾರದೆ ಹೋದ. ಎದುರು ನಿಂತ ಬಭ್ರುವಾಹನ ತಿದ್ದಿದ. ತಂದೆಯ ತಪ್ಪಿಗೆ ಅಲ್ಲ ಎನ್ನುವ ಎದೆಗಾರಿಕೆ ಮಗನಲ್ಲಿ ಇಲ್ಲದಿದ್ದರೆ ತಂದೆಗೂ ಬಿಡುಗಡೆಯಿಲ್ಲ ಎಂಬುದು ಈ ಎರಡು ಕಥೆಗಳನ್ನು ಜೊತೆಗಿಟ್ಟು ಓದಿದಾಗ ನನಗೆ ಮನದಟ್ಟಾಗುತ್ತದೆ.

ಪಾತಾಳದ ದಾರಿ

ಆದರೆ ಎದುರು ನಿಲ್ಲುವುದಷ್ಟೇ ಬಿಡುಗಡೆಯಲ್ಲ. ಗೆದ್ದ ಬಭ್ರುವಾಹನ ಊರಿಗೆ ಮರಳಿದಾಗ ಚಿತ್ರಾಂಗದೆ ರಣರಂಗಕ್ಕೆ ಓಡಿ ಗಂಡನ ಶವದ ಮೇಲೆ ಬೀಳುತ್ತಾಳೆ. ಅವಮಾನಕ್ಕೊಳಗಾದವಳೂ ಅವಳೇ, ವಿಧವೆಯಾದವಳೂ ಅವಳೇ. ತಂದೆ ಮಗನ ಜಗಳದ ನಿಜವಾದ ಭಾರ ಹೊರುವವಳು ತಾಯಿ ಎಂಬುದನ್ನು ಕಥೆ ಮರೆಮಾಚುವುದಿಲ್ಲ. ಆಗ ದಾರಿ ತೋರುವವಳು ಅರ್ಜುನನ ಇನ್ನೊಬ್ಬ ಹೆಂಡತಿ ಉಲೂಪಿ. ಸತ್ತವರನ್ನು ಬದುಕಿಸುವ ಮಣಿ ನಾಗಲೋಕದಲ್ಲಿದೆ. ಬಭ್ರುವಾಹನ ಪಾತಾಳಕ್ಕಿಳಿದು, ನಾಗರ ಸೇನೆಯೊಡನೆ ಹೋರಾಡಿ ಅದನ್ನು ತರುತ್ತಾನೆ. ಅಷ್ಟರಲ್ಲಿ ಅರ್ಜುನನ ತಲೆ ಕಳುವಾಗಿರುತ್ತದೆ. ಕೃಷ್ಣ ಬಂದು ಅದನ್ನು ಮರಳಿಸಿದ ಮೇಲೆ ಅರ್ಜುನ ಎದ್ದು ಕೂರುತ್ತಾನೆ, ವೃಷಕೇತುವೂ ಏಳುತ್ತಾನೆ.

ತಂದೆಯನ್ನು ಕೊಲ್ಲಲು ಬೇಕಾದದ್ದು ಒಂದು ಬಾಣ. ಬದುಕಿಸಲು ಇನ್ನೊಂದು ಲೋಕಕ್ಕೇ ಇಳಿಯಬೇಕಾಯಿತು. ಸಿಟ್ಟಿಗಿಂತ ಸಂಬಂಧ ಕೂಡಿಸುವ ಕೆಲಸಕ್ಕೆ ಹೆಚ್ಚು ಪೌರುಷ ಬೇಕು ಎಂಬ ಮಾತನ್ನು ಲಕ್ಷ್ಮೀಶನ ಕಾವ್ಯ ಉಪದೇಶಿಸದೆ, ನಡೆದ ಘಟನೆಯಾಗಿಯೇ ತೋರಿಸುತ್ತದೆ. ತಾಳಮದ್ದಳೆಯ ಅರ್ಥಧಾರಿಗಳನ್ನು ಈ ಪ್ರಸಂಗ ಇಂದಿಗೂ ಮೈಮರೆಸುವುದು ಇದರಿಂದಲೇ: ಇಲ್ಲಿ ವಾದ ಗೆದ್ದವನೂ ಅಳಬೇಕು. ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ದಲ್ಲಿ ರಾಜಕುಮಾರ್ ಎರಡೂ ಪಾತ್ರಗಳಲ್ಲಿ ನಟಿಸಿದರು. ತಂದೆ ಮಗನ ಸವಾಲು ಜವಾಬಿನ ಹಾಡಿನಲ್ಲಿ ಅರ್ಜುನನಿಗೆ ಪಿ.ಬಿ. ಶ್ರೀನಿವಾಸ್ ದನಿಯಾದರೆ, ಬಭ್ರುವಾಹನನಿಗೆ ರಾಜಕುಮಾರ್ ತಾವೇ ಹಾಡಿದರು. ಎದುರುಬದುರು ಒಂದೇ ಮುಖ ಕಂಡಾಗ, ಮಗನನ್ನು ಒದೆಯುವವನು ತನ್ನನ್ನೇ ಒದೆದುಕೊಳ್ಳುತ್ತಾನೆ ಎಂಬುದು ವಿವರಣೆಯಿಲ್ಲದೆ ನೋಡುಗನಿಗೆ ತಟ್ಟಿತು.

ಬದುಕಿದ ತಂದೆ ಮಗನನ್ನು ಅಪ್ಪಿಕೊಂಡರೆ ಎಲ್ಲ ಸರಿಹೋಯಿತೇ? ವ್ಯಾಸಭಾರತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅರ್ಜುನ ಮಗನನ್ನು ಹಸ್ತಿನಾವತಿಯ ಯಜ್ಞಕ್ಕೆ ಕರೆಯುತ್ತಾನೆ, ತಾಯಂದಿರಿಬ್ಬರನ್ನೂ ಕರೆದುಕೊಂಡು ಬಾ ಎನ್ನುತ್ತಾನೆ. ಕುಂತಿ ಮೊಮ್ಮಗನನ್ನೂ ಸೊಸೆಯರನ್ನೂ ಎದುರುಗೊಳ್ಳುತ್ತಾಳೆ. ದೇಶದೇಶದ ಅರಸರ ನಡುವೆ ಅವನಿಗೆ ಮಗನ ಮರ್ಯಾದೆ ಸಿಗುತ್ತದೆ. ಸೇನೆಯೆದುರು ಮಾಡಿದ ಅವಮಾನವನ್ನು ಏಕಾಂತದ ಅಪ್ಪುಗೆ ತೊಳೆಯಲಾರದು, ಅದಕ್ಕೆ ಸಭೆಯೇ ಬೇಕು. ಮಕ್ಕಳನ್ನು ನಾಲ್ಕು ಜನರೆದುರು ಹೀಯಾಳಿಸಿ, ಮನೆಯೊಳಗೆ ಬಂದು ತಲೆ ಸವರಿದರೆ ಸಾಕೆಂದುಕೊಂಡ ತಂದೆಯರಿಗೆ ಈ ಕಥೆ ಹೇಳುವುದು ಇಷ್ಟೇ: ನಿರಾಕರಿಸಿದ್ದು ಎಲ್ಲಿಯೋ, ಒಪ್ಪಿಕೊಳ್ಳಬೇಕಾದದ್ದೂ ಅಲ್ಲಿಯೇ.