ನೆಲದ ಪ್ರತಿರೂಪವೂ ನೋಡುವ ಕಣ್ಣೂ

ಭರಮಸಾಗರದ ಕೆರೆಯ ಏರಿಯ ಮೇಲೆ ನಿಂತ ಬೇಸಾಯಗಾರನಿಗೆ ನೀರು ಯಾವ ಕಡೆಗೆ ಇಳಿಯುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನೆಲದ ನಕ್ಷೆಯನ್ನು ಅವನ ಮುಂದೆ ಹರಡಿದರೆ ಮಾತು ನಿಂತುಹೋಗುತ್ತದೆ. ನಮ್ಮ ದೇಶದ ಸರ್ವೆ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರು. ಎರಡು ಗೆರೆಗಳ ನಡುವೆ ಒಂದೂರಿನ ಹೊಲಗಳೆಲ್ಲ ಅಡಗಿಬಿಡಬಹುದು.

ಆದುದರಿಂದಲೇ ನೆಲದ ಉಬ್ಬುತಗ್ಗುಗಳನ್ನು ಕಣ್ಣಿಗೆ ಕಟ್ಟುವಂತೆ ಮಾಡಿ ತೋರಿಸುವ ಉಪಾಯ ಹುಟ್ಟಿತು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು 1980ರ ದಶಕದ ಕೊನೆಯಿಂದ ಹಳ್ಳಿಗರ ಕೈಯಲ್ಲೇ ರಂಗೋಲಿ ಪುಡಿ, ಮಣ್ಣು, ಕಲ್ಲುಗಳಿಂದ ಊರಿನ ನಕ್ಷೆ, ಮಾದರಿಗಳನ್ನು ಮಾಡಿಸಿದರು. ಈ ಕ್ರಮವನ್ನು ಕುರಿತು ಜೇಮ್ಸ್ ಮ್ಯಾಸ್ಕರೇನಸ್ ಮತ್ತು ಪ್ರೇಮ್‌ಕುಮಾರ್ 1991ರಲ್ಲಿ ಬರೆದರು. ಇಂಥ ಮಾದರಿಯ ಗುಣವೆಂದರೆ, ಅದರ ಸುತ್ತ ನಿಂತವರೆಲ್ಲರೂ ಮಾತನಾಡಬಲ್ಲರು. ಅಕ್ಷರ ಬಾರದವರೂ ಬೆರಳಿಟ್ಟು, “ಹಳ್ಳ ಇಲ್ಲಲ್ಲ, ಆ ಬೇವಿನ ಮರದಾಚೆ” ಎಂದು ತಿದ್ದಬಲ್ಲರು. ತಪ್ಪು ನಾಲ್ವರೆದುರಿಗೆ ಅಲ್ಲಿಯೇ ಸರಿಯಾಗುತ್ತದೆ.

ಆದರೆ ಮಾದರಿಗೂ ಒಂದು ಮಾಯೆಯುಂಟು. ಒಂದು ಕಿಲೋಮೀಟರಿಗೆ 10 ಮೀಟರು ಇಳಿಯುವ ನೆಲವನ್ನು ಒಂದು ಮೀಟರು ಉದ್ದಕ್ಕೆ ಇಳಿಸಿದರೆ, ಇಳಿಜಾರು ಒಂದೇ ಸೆಂಟಿಮೀಟರು. ಕಣ್ಣಿಗೆ ಕಾಣುವುದೇ ಕಷ್ಟ. ಅದಕ್ಕಾಗಿ ಎತ್ತರವನ್ನು ಐದು ಪಟ್ಟು ಹೆಚ್ಚಿಸುತ್ತಾರೆನ್ನೋಣ. ಆಗ ನೂರಕ್ಕೆ ಒಂದರ ಇಳಿಜಾರು ಇಪ್ಪತ್ತಕ್ಕೆ ಒಂದಾಗಿ ತೋರುತ್ತದೆ. ಇದನ್ನು ಹೇಳದಿದ್ದರೆ, ನೀರು ತಾನಾಗಿ ನುಗ್ಗಿ ಬರುವುದೆಂದು ರೈತ ನಂಬುತ್ತಾನೆ. ಕಾಲುವೆ ತೋಡಿದ ಮೇಲೆ ನಿಜ ತಿಳಿಯುತ್ತದೆ.

ಗಣಕಯಂತ್ರದ ಮೂರು ಆಯಾಮದ ಚಿತ್ರಗಳು ಬಂದ ಮೇಲೆ ಈ ಮಾಯೆ ಬಲಿಯಿತು. ಉಪಾಯ ಹೊಸದಲ್ಲ. ಇಂಗ್ಲೆಂಡಿನ ಉದ್ಯಾನಶಿಲ್ಪಿ ಹಂಫ್ರಿ ರೆಪ್ಟನ್ (1752–1818) ಧಣಿಗಳಿಗೆ ತೋರಿಸುತ್ತಿದ್ದ ಚಿತ್ರದ ಮೇಲೆ ಒಂದು ಮಡಿಕೆ ಕಾಗದವಿರುತ್ತಿತ್ತು. ಅದನ್ನೆತ್ತಿದರೆ ಇಂದಿನ ಬಯಲು ಹೋಗಿ ನಾಳಿನ ತೋಟ ಕಾಣುತ್ತಿತ್ತು. ನೋಡಿದವರು ಒಪ್ಪದೆ ಏನು ಮಾಡಿಯಾರು? ಚಿತ್ರ ಎಂಬ ಮಾತಿಗೆ ನಮ್ಮಲ್ಲಿ ಆಶ್ಚರ್ಯವೆಂಬ ಅರ್ಥವೂ ಉಂಟು. ಬೆರಗಾದ ಮನಸ್ಸು ಪ್ರಶ್ನಿಸುವುದು ಕಡಮೆ. ಇಂಥ ಚಿತ್ರ ಬರೆಯುವವರಿಗೂ ಒಂದು ನೀತಿಸಂಹಿತೆ ಬೇಕೆಂದು ಕೆನಡಾದ ವಿದ್ವಾಂಸ ಸ್ಟೀಫನ್ ಶೆಪರ್ಡ್ 2001ರಲ್ಲಿ ವಾದಿಸಿದರು.

ತುಂಗಭದ್ರೆಯ ನೀರನ್ನು ಮೇಲೆತ್ತಿ ಕೆರೆ ತುಂಬಿಸುವ ಯೋಜನೆಯಿರುವ ಈ ಸೀಮೆಯಲ್ಲಿ ಇದು ಬರಿಯ ಪಾಂಡಿತ್ಯದ ಮಾತಲ್ಲ. ಯಾರ ಹೊಲಕ್ಕೆ ನೀರು, ಯಾರ ಹೊಲದ ಮೇಲೆ ನೀರು ಎಂಬುದು ಮನೆಮನೆಯ ಪ್ರಶ್ನೆ. ಆದಕಾರಣ ಚಿತ್ರ ತೋರಿಸಿದವರನ್ನು ನಾಲ್ಕು ಮಾತು ಕೇಳಬೇಕು: ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದ್ದೀರಿ? ಈ ಹಸುರು ಯಾವ ತಿಂಗಳಿನದು? ಈ ಮರಗಳು ಎಷ್ಟು ವರ್ಷಕ್ಕೆ ಹೀಗೆ ಬೆಳೆಯುತ್ತವೆ? ಮಳೆ ಬಾರದ ವರ್ಷದ ಚಿತ್ರವೆಲ್ಲಿ?

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ಹತ್ತಿರಕ್ಕೆ ತಂದು ತೋರಿಸಿದ ಬೆಟ್ಟವೂ ನುಣ್ಣಗಿರಬಹುದು. ಚಿತ್ರವನ್ನು ನೋಡಿ, ತರುವಾಯ ಹೊಲಕ್ಕೆ ಹೋಗಿ ನೆಲವನ್ನೂ ನೋಡಿ, ಆಮೇಲೆ ಒಪ್ಪಿಗೆ ಕೊಡುವುದು ಲೇಸು.