ಮೂರು ತಿಂಗಳ ಬಳಿಕದ ಆ ಒಂದು ಪರೀಕ್ಷೆ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕುಗಳಲ್ಲಿ ಬೇರೆ ಬೇರೆ ಅವಧಿಯಲ್ಲಿ ಕಂದಾಯ ಇಲಾಖೆಯ ಅಧಿಕಾರಿಯಾಗಿ ಕೆಲಸ ಮಾಡಿದವನು ನಾನು. ಅವುಗಳಲ್ಲಿ ಯಾವುದೆಂದು ಹೇಳುವ ಅಗತ್ಯವಿಲ್ಲ; 1989ರ ಮಳೆಗಾಲದ ಒಂದು ಬೆಳಿಗ್ಗೆ ತಾಲ್ಲೂಕು ಕಚೇರಿಗೆ ಮೂವತ್ತೈದರ ಆಸುಪಾಸಿನ ಕೃಷಿಕರೊಬ್ಬರು ಬಂದರು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದಕ್ಕೆ ಕೊಟ್ಟಿದ್ದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಫೆಬ್ರುವರಿಯಲ್ಲಿ ಆಪರೇಷನ್ ಆಗಿದೆ ಸ್ವಾಮಿ. ಈಗ ಮನೆಯವಳು ನಾಲ್ಕು ತಿಂಗಳ ಬಸುರಿ. ಈ ಚೀಟಿ ಸುಳ್ಳೋ, ಅವಳು ಸುಳ್ಳೋ ನೀವೇ ಹೇಳಿ’ ಎಂದರು. ಹೆಂಡತಿಯನ್ನು ಅದಾಗಲೇ ತವರಿಗೆ ಕಳುಹಿಸಲಾಗಿತ್ತು.

ಅವರು ವೈದ್ಯರ ಬಳಿಗೆ ಹೋಗದೆ ನನ್ನ ಬಳಿಗೆ ಬಂದದ್ದಕ್ಕೆ ಕಾರಣವಿತ್ತು. ಅವರನ್ನು ಶಿಬಿರಕ್ಕೆ ಕರೆತಂದವರು ನಮ್ಮ ಗ್ರಾಮ ಲೆಕ್ಕಿಗರು. ಆಗ ಕುಟುಂಬ ಯೋಜನೆಯ ಗುರಿ ಕೇವಲ ಆರೋಗ್ಯ ಇಲಾಖೆಯದಾಗಿರಲಿಲ್ಲ. ಕಂದಾಯ, ಶಿಕ್ಷಣ ಇಲಾಖೆಗಳ ನೌಕರರೂ ಇಂತಿಷ್ಟು ‘ಕೇಸು’ಗಳನ್ನು ತರಬೇಕಾಗಿತ್ತು. ನನ್ನ ಕಚೇರಿಯ ವಹಿಯಲ್ಲಿ ಆತ ಒಂದು ಸಂಖ್ಯೆಯಾಗಿ ದಾಖಲಾಗಿದ್ದರು.

ಜವಾನನ ಜೊತೆಗೆ ಅವರನ್ನು ಆಸ್ಪತ್ರೆಗೆ ಕಳುಹಿಸಿದೆ. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ‘ಮೂರು ತಿಂಗಳಾದ ಮೇಲೆ ಪರೀಕ್ಷೆಗೆ ಬಂದಿದ್ದಿರಾ?’ ‘ಯಾವ ಪರೀಕ್ಷೆ?’ ಎಂದು ಆತ ಮರುಪ್ರಶ್ನೆ ಹಾಕಿದರಂತೆ. ಅಂದೇ ವೀರ್ಯವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಜೀವಂತ ವೀರ್ಯಾಣುಗಳು ಕಂಡವು. ಚೀಟಿ ಸುಳ್ಳಲ್ಲ, ಆಕೆಯೂ ಸುಳ್ಳಲ್ಲ. ಶಸ್ತ್ರಚಿಕಿತ್ಸೆಯೊಂದಿಗೆ ಎಲ್ಲವೂ ಮುಗಿಯಿತೆಂಬ ನಮ್ಮೆಲ್ಲರ ತಿಳಿವಳಿಕೆ ತಪ್ಪಾಗಿತ್ತು.

ಈ ತಿಳಿವಳಿಕೆ ಏಕೆ ತಪ್ಪು? ವ್ಯಾಸೆಕ್ಟಮಿಯಲ್ಲಿ ವೀರ್ಯಾಣುಗಳನ್ನು ಸಾಗಿಸುವ ಎರಡು ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. ಆದರೆ ಕತ್ತರಿಸಿದ ಜಾಗದಿಂದ ಮುಂದಕ್ಕೆ ಅದಾಗಲೇ ಸೇರಿರುವ ವೀರ್ಯಾಣುಗಳು ಅಲ್ಲಿಯೇ ಉಳಿದಿರುತ್ತವೆ. ಕೆರೆಯ ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ನಿಂತ ನೀರು ಸ್ವಲ್ಪ ಕಾಲ ಹರಿಯುವಂತೆ, ಅವು ಪೂರ್ತಿ ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ದಂಪತಿ ನಿರೋಧ್‌ನಂತಹ ಬೇರೊಂದು ವಿಧಾನವನ್ನು ಬಳಸಲೇಬೇಕು. ಕೆಲವೊಮ್ಮೆ ಕತ್ತರಿಸಿದ ನಾಳ ತಾನಾಗಿಯೇ ಮತ್ತೆ ಕೂಡಿಕೊಳ್ಳುವುದೂ ಉಂಟು. ಇದನ್ನು ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದಲೇ ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿ, ವೀರ್ಯಾಣುಗಳಿಲ್ಲವೆಂದು ಖಚಿತವಾದ ಮೇಲೆಯೇ ಯಶಸ್ಸಿನ ಪ್ರಮಾಣಪತ್ರ ನೀಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಹಾಗೆ ಖಚಿತಪಟ್ಟ ಬಳಿಕ ಗರ್ಭ ನಿಲ್ಲುವ ಸಂಭವ ಸುಮಾರು ಎರಡು ಸಾವಿರದಲ್ಲಿ ಒಂದು ಮಾತ್ರ. ಇಷ್ಟು ನೆಮ್ಮದಿ ಕೊಡುವ ಈ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಮಲೇರಿಯಾದ ರಕ್ತ, ಕ್ಷಯದ ಕಫ ನೋಡುವ ಸೂಕ್ಷ್ಮದರ್ಶಕವೇ ಸಾಕು.

ಹಾಗಿದ್ದೂ ಜನ ಏಕೆ ಬರುವುದಿಲ್ಲ? ಮೊದಲನೆಯದಾಗಿ ನಮ್ಮ ಆರ್ಥಿಕ ವರ್ಷವನ್ನೇ ನೋಡಿ. ಗುರಿ ಮುಟ್ಟಬೇಕಾದದ್ದು ಮಾರ್ಚ್ 31ರೊಳಗೆ. ಹಾಗಾಗಿ ಶಿಬಿರಗಳು ಫೆಬ್ರುವರಿ, ಮಾರ್ಚ್‌ನಲ್ಲಿ ಒತ್ತೊತ್ತಾಗಿ ನಡೆಯುತ್ತಿದ್ದವು. ಅಲ್ಲಿಂದ ಮೂರು ತಿಂಗಳು ಎಣಿಸಿದರೆ ಜೂನ್ ಬರುತ್ತದೆ. ಮಲೆನಾಡಿನಲ್ಲಿ ಜೂನ್ ಎಂದರೆ ಕಾಲುಸಂಕಗಳು ಮುಳುಗುವ, ಗದ್ದೆಯ ಕೆಲಸ ಆರಂಭವಾಗುವ ಕಾಲ. ಮನೆಯಲ್ಲೇ ಮಾದರಿ ತೆಗೆದರೆ ಅದನ್ನು ಬಹಳ ಹೊತ್ತು ಇಡದೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಸುತ್ತಿನವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಸಾಗರಕ್ಕೆ ಬರಲು ಲಾಂಚ್‌ಗೆ ಕಾಯಬೇಕಾಗಿತ್ತು. ಅಂಥವರು ಆಸ್ಪತ್ರೆಯ ಶೌಚಾಲಯದಲ್ಲೇ, ಹೊರಗೆ ಸಾಲುಗಟ್ಟಿ ನಿಂತ ಊರಿನವರ ಎದುರಿಗೇ ಎಂಬಂತೆ, ಮಾದರಿ ಕೊಡಬೇಕಾಗಿತ್ತು.

ಎರಡನೆಯದು ಈ ಸಂಕೋಚವೇ. ಇದನ್ನು ಹಳ್ಳಿಗರ ಅಜ್ಞಾನವೆಂದು ಓದುಗರು ತಳ್ಳಿಹಾಕಬಾರದು. 1997ರಲ್ಲಿ ನಾನೂ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ, ಮೇಲೆ ಹೇಳಿದ ಪ್ರಸಂಗವನ್ನು ಕಣ್ಣಾರೆ ಕಂಡ ನಾನೇ ಪರೀಕ್ಷೆಯನ್ನು ಐದು ವಾರ ಮುಂದೂಡಿದೆ. ಪ್ರಯೋಗಾಲಯದ ತಂತ್ರಜ್ಞ ನನ್ನ ಪರಿಚಿತರೆಂಬುದೊಂದೇ ಕಾರಣ. ಕೊನೆಗೆ ನನ್ನ ಪತ್ನಿ, ‘ಆಪರೇಷನ್ನಿಗೆ ಇದ್ದ ಧೈರ್ಯ ಒಂದು ಶೀಶೆ ಹಿಡಿದುಕೊಂಡು ಹೋಗಲು ಇಲ್ಲವೇ?’ ಎಂದಾಗ ಬೇರೆ ಊರಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ನನಗೆ ಆ ಆಯ್ಕೆಯಿತ್ತು, ಎಲ್ಲರಿಗೂ ಇರುವುದಿಲ್ಲ.

ಮೂರನೆಯದು, ಬಹುಶಃ ಮುಖ್ಯವಾದದ್ದು, ನಮ್ಮ ಆಡಳಿತದ ಲೆಕ್ಕಾಚಾರ. ಶಸ್ತ್ರಚಿಕಿತ್ಸೆಯಾದ ದಿನವೇ ‘ಕೇಸು’ ಎಣಿಕೆಗೆ ಸೇರುತ್ತಿತ್ತು. ಪರೀಕ್ಷೆಗೆ ಬಂದವರೆಷ್ಟು ಎಂದು ನನ್ನ ಮೇಲಧಿಕಾರಿಗಳು ಒಮ್ಮೆಯೂ ಕೇಳಲಿಲ್ಲ; ನಾನೂ ನನ್ನ ಕೈಕೆಳಗಿನವರನ್ನು ಕೇಳಲಿಲ್ಲ. 1996ರಲ್ಲಿ ಕೇಂದ್ರ ಸರ್ಕಾರ ಗುರಿ ಪದ್ಧತಿಯನ್ನು ಕೈಬಿಟ್ಟಿತು. ಆದರೆ ಮಾಡಿದ ಕೆಲಸವನ್ನು ಎಣಿಸಿ, ಅದರ ಫಲವನ್ನು ನೋಡದಿರುವ ಅಭ್ಯಾಸ ಸುಲಭವಾಗಿ ಹೋಗುವಂಥದ್ದಲ್ಲ.

ನ್ಯಾಯಾಲಯಗಳೂ ಈ ವಿಷಯವನ್ನು ಪರಿಶೀಲಿಸಿವೆ. ಹರಿಯಾಣದ ಸಂತ್ರಾ ಎಂಬ ಮಹಿಳೆಯ ಪ್ರಕರಣದಲ್ಲಿ ವೈದ್ಯರ ನಿರ್ಲಕ್ಷ್ಯ ಸಾಬೀತಾದ್ದರಿಂದ ಸರ್ಕಾರವೇ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಆದರೆ ಶಸ್ತ್ರಚಿಕಿತ್ಸೆ ವಿಫಲವಾದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯವೆಂದು ತಿಳಿಯುವಂತಿಲ್ಲ, ಸಹಜ ಕಾರಣಗಳಿಂದಲೂ ಹಾಗಾಗಬಹುದು ಎಂದು 2005ರಲ್ಲಿ ಪಂಜಾಬಿನ ಶಿವರಾಂ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ವೈಫಲ್ಯಕ್ಕೂ ಪರಿಹಾರ ನೀಡುವ ವಿಮಾ ಯೋಜನೆ ಆರಂಭಿಸಿತು. ಪರಿಹಾರ ಬೇಕು, ನಿಜ. ಆದರೆ ಪರೀಕ್ಷೆಯ ವೆಚ್ಚವನ್ನೂ, ಬೇಡದ ಬಸಿರಿನಿಂದ ಒಂದು ಕುಟುಂಬಕ್ಕಾಗುವ ನಷ್ಟವನ್ನೂ ತೂಗಿ ನೋಡಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ.

ಇದರ ಪರಿಣಾಮ ಒಂದು ಮನೆಗೆ ಸೀಮಿತವಲ್ಲ. ‘ಇಂಥವರಿಗೆ ಆಪರೇಷನ್ ಆದ ಮೇಲೂ ಮಗುವಾಯಿತಂತೆ’ ಎಂಬ ಸುದ್ದಿ ಹೋಬಳಿಯನ್ನೆಲ್ಲ ಸುತ್ತುತ್ತದೆ. ಹತ್ತು ಗಂಡಸರು ಹಿಂದೆ ಸರಿಯುತ್ತಾರೆ, ಹತ್ತು ಹೆಂಗಸರು ಶಸ್ತ್ರಚಿಕಿತ್ಸೆಯ ಮಂಚವೇರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 37.9ರಷ್ಟು ದಂಪತಿಗಳು ಹೆಂಡತಿಯ ಸಂತಾನಹರಣ ಚಿಕಿತ್ಸೆಯನ್ನು ಅವಲಂಬಿಸಿದ್ದರೆ, ಗಂಡನ ಚಿಕಿತ್ಸೆಯನ್ನು ಅವಲಂಬಿಸಿದವರು ಶೇ 0.3 ಮಾತ್ರ. ಹೊಟ್ಟೆ ಕೊಯ್ಯಬೇಕಾಗಿಲ್ಲದ ಗಂಡಸರ ಚಿಕಿತ್ಸೆಯೇ ಹೆಚ್ಚು ಸರಳ, ಹೆಚ್ಚು ಸುರಕ್ಷಿತ ಎಂಬುದನ್ನು ವೈದ್ಯರು ಹೇಳುತ್ತಲೇ ಬಂದಿದ್ದಾರೆ. 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆದ ಮೈಸೂರು ಸಂಸ್ಥಾನದ ವಾರಸುದಾರರಾದ ನಮಗೂ ಗಂಡಸರನ್ನು ಒಪ್ಪಿಸಲು ಸಾಧ್ಯವಾಗಿಲ್ಲ.

ಮಾಡಬೇಕಾದದ್ದು ಬಹಳವಿಲ್ಲ. ಶಸ್ತ್ರಚಿಕಿತ್ಸೆಯ ದಿನವೇ ಪರೀಕ್ಷೆಯ ದಿನಾಂಕವನ್ನು ಬರೆದುಕೊಡಬೇಕು. ಮಲೆನಾಡಿನಲ್ಲಾದರೂ ಆ ದಿನ ಮುಂಗಾರಿಗೆ ಸಿಗದಂತೆ ಶಿಬಿರಗಳನ್ನು ಹೊಂದಿಸಬೇಕು. ಪರೀಕ್ಷೆಗೆ ಬಂದವರಿಗೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯನ್ನು ಪ್ರತ್ಯೇಕವಾಗಿ ಕೊಡಬೇಕು. ಆಸ್ಪತ್ರೆಯಲ್ಲಿ ಚಿಲಕವಿರುವ ಒಂದು ಕೋಣೆ ಬೇಕು. ಎಷ್ಟು ಶಸ್ತ್ರಚಿಕಿತ್ಸೆಗಳಾದವು ಎಂಬುದರ ಪಕ್ಕದಲ್ಲೇ ಎಷ್ಟು ಖಚಿತಪಟ್ಟವು ಎಂಬ ಅಂಕಣವೂ ವರದಿಯಲ್ಲಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೂರು ತಿಂಗಳ ವಿಷಯವನ್ನು ಗಂಡನಿಗೆ ಹೇಳಿದರೆ ಸಾಲದು, ಹೆಂಡತಿಗೂ ಹೇಳಬೇಕು. ಪರೀಕ್ಷೆ ತಪ್ಪಿದರೆ ಅದರ ಭಾರ ಹೊರುವವಳು ಆಕೆ.

ಆ ಕೃಷಿಕರು ವಾರದೊಳಗೆ ಪತ್ನಿಯನ್ನು ಮನೆಗೆ ಕರೆತಂದರು. ಪರೀಕ್ಷೆಯ ವರದಿಯನ್ನು ಅಣ್ಣನಿಗೆ ಓದಿ ಹೇಳಿದರೆಂದೂ, ಮುಂದೆ ಹೆಣ್ಣುಮಗು ಹುಟ್ಟಿತೆಂದೂ ಗ್ರಾಮ ಲೆಕ್ಕಿಗರಿಂದ ತಿಳಿಯಿತು. ಆದರೆ ತವರಿನಲ್ಲಿ ಕಳೆದ ಆ ದಿನಗಳಿಗಾಗಿ ಯಾರೂ ಆಕೆಯ ಕ್ಷಮೆ ಕೇಳಿದಂತಿಲ್ಲ. ನನ್ನ ವಹಿಯಲ್ಲಿ ಆ ಸಂಖ್ಯೆ ಹಾಗೆಯೇ ಉಳಿಯಿತು, ನಾನೂ ಕೇಳಲಿಲ್ಲ.